ನಿಮ್ಮ ‘ರೊಮ್ಯಾಂಟಿಕ್ ಇಂಗ್ಲಿಷ್ ಗಾರ್ಡನ್’ ಪ್ಯಾಕೇಜ್ ಬಗ್ಗೆ ನನ್ನ ಕೊನೆಯ ದೂರು

ಗೆ,
ವ್ಯವಸ್ಥಾಪಕರು,
ಗಾರ್ಡನ್ ಡಿಸೈನ್ ವಿಭಾಗ, ಹುಬ್ಬಳ್ಳಿ ಕಚೇರಿ

ಸಾರ್,

ಫೋನ್ ಮಾಡಿದೆ, ವಾಟ್ಸಾಪ್ ಮಾಡಿದೆ, ಗದಗದಿಂದ ಬಸ್ ಹತ್ತಿ ನಿಮ್ಮ ಆಫೀಸಿಗೂ ಬಂದೆ. ಪ್ರತಿ ಸಲ ‘ನಾಳೆ ಟೀಮ್ ಕಳಸ್ತೀವ್ರಿ’ ಅಂದ್ರಿ. ಆ ನಾಳೆ ಇನ್ನೂ ಗದಗ ಮುಟ್ಟಿಲ್ಲ. ಮೊನ್ನೆ ಸೋಮವಾರ ನಿಮ್ಮ ಕಡೆಯಿಂದ ಕೊನೆಗೂ ಒಂದು ಮೆಸೇಜ್ ಬಂತು. ‘ನಿಮ್ಮ ಕನಸಿನ ತೋಟದ ಅನುಭವಕ್ಕೆ 5 ಸ್ಟಾರ್ ಕೊಡಿ.’ ಅದನ್ನು ಓದಿದ ಮೇಲೆ ಇದನ್ನು ಬರೆಯಲು ಕೂತೆ. ಸಿಟ್ಟು ಮಾಡಿಕೊಳ್ಳದೆ ಬರೆಯಬೇಕು ಅಂತ ಇದೆ. ಎಷ್ಟು ಹೊತ್ತು ನಡೆಯುತ್ತೋ ನೋಡೋಣ.

ನನ್ನ ಅಂಗಳದಲ್ಲಿ ತೋಟ ಮಾಡಿಕೊಡಲು ನೀವು ಮಾಡಿಕೊಂಡ ಒಪ್ಪಂದದ ಷರತ್ತುಗಳನ್ನು ಇಲ್ಲಿ ಮತ್ತೆ ಬರೆಯಲ್ಲ. ಬರೆದವರು ನೀವೇ. ಮಣ್ಣು ಎಷ್ಟು ಆಳ ತೆಗೆಯಬೇಕು, ಏನು ತುಂಬಬೇಕು, ಸತ್ತ ಗಿಡವನ್ನು ಯಾರ ಖರ್ಚಿನಲ್ಲಿ ಬದಲಿಸಬೇಕು, ಬಳ್ಳಿ ಹಬ್ಬಿಸುವ ಕಬ್ಬಿಣದ ಕಮಾನಿಗೆ ಪಾಯ ಹೇಗಿರಬೇಕು, ಎಲ್ಲಾ ಅದರಲ್ಲೇ ಇದೆ. ನಾನು ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತಿ ಆದವಳು. ಸಣ್ಣ ಅಕ್ಷರ ಓದಿಯೇ ಸಹಿ ಹಾಕೋದು ರೂಢಿ. ನೀವೂ ಒಮ್ಮೆ ಓದಿ, ಚೆನ್ನಾಗಿ ಬರೆದಿದ್ದೀರಿ.

ಈ ಪ್ಯಾಕೇಜಿಗೆ ಕೊಟ್ಟದ್ದು 1,85,000 ರೂಪಾಯಿ. ನನ್ನ ನಿವೃತ್ತಿಯ ದುಡ್ಡು, ನನ್ನ ಚೆಕ್ಕು, ನನ್ನ ಸಹಿ. ಇದನ್ನು ಯಾಕೆ ಒತ್ತಿ ಹೇಳ್ತಿದ್ದೇನೆ ಅನ್ನೋದು ಮುಂದೆ ಗೊತ್ತಾಗುತ್ತೆ.

ನಿಮ್ಮ ಡಿಸೈನರ್ ಹುಡುಗ ಮೊದಲ ದಿನ ಬಂದಾಗಲೇ ಹೇಳಿದ್ದೆ. ಇದು ಎರೆ ನೆಲ ಕಣಪ್ಪಾ, ಮಳೆಗೆ ಉಬ್ಬುತ್ತೆ, ಬೇಸಿಗೆಗೆ ಕೈ ಹೋಗುವಷ್ಟು ಬಿರುಕು ಬಿಡುತ್ತೆ. ಗದಗ-ಬೆಟಗೇರಿಯಲ್ಲಿ ನಳದ ನೀರು ಅದರ ಮನಸ್ಸಿಗೆ ಬಂದಾಗ ಬರೋದು. ಬೋರಿನ ನೀರು ಗಡಸು. ಗಾಳಿ ಬೇರೆ ಜೋರು, ಕಪ್ಪತಗುಡ್ಡದ ಕಡೆ ಅಷ್ಟೊಂದು ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ. ಇಲ್ಲಿ ಬದುಕುವ ಗಿಡ ಹಾಕಿಯೇ ಇಂಗ್ಲಿಷ್ ರೀತಿಯ ತೋಟ ಮಾಡಿ ಅಂದೆ. ಹಾಲಿಹಾಕ್, ಫ್ಲಾಕ್ಸ್, ಲಾರ್ಕ್‌ಸ್ಪರ್ ನಮ್ಮಲ್ಲಿ ಚಳಿಗಾಲದಲ್ಲಿ ಬರುತ್ತವೆ. ಉಳಿದ ಕಾಲಕ್ಕೆ ಮಲ್ಲಿಗೆ ಇದೆ, ಸುಗಂಧರಾಜ ಇದೆ, ಕಮಾನಿಗೆ ರಂಗೂನ್ ಬಳ್ಳಿ ಇದೆ. ಅವನು ಕೈ ಅಡ್ಡ ಆಡಿಸಿ, ‘ಎಲ್ಲಾ ಆಗ್ತದ ಮೇಡಂ, ನಾವು ಪಕ್ಕಾ ಇಂಗ್ಲಿಷ್ ಮಾಡ್ತೀವಿ’ ಅಂದ. ಇಂಗ್ಲೆಂಡಿನ ತೋಟ ವಿನ್ಯಾಸಕಿ ಗರ್ಟ್ರೂಡ್ ಜೆಕಿಲ್ ಹೆಸರೂ ಹೇಳಿದ. ಹೆಸರು ಹೇಳುವವನು ಆಕೆ ಏನು ಮಾಡಿದಳು ಅಂತಲೂ ನೋಡಬೇಕಿತ್ತು. 1843ರಲ್ಲಿ ಹುಟ್ಟಿದ ಆಕೆ ಮೊದಲು ಚಿತ್ರ ಬಿಡಿಸುತ್ತಿದ್ದಳು, ಕಣ್ಣು ಕೈಕೊಟ್ಟ ಮೇಲೆ ತೋಟಕ್ಕೆ ಇಳಿದಳು. ತನ್ನ ಮನೆಯ ಉದ್ದನೆಯ ಹೂವಿನ ಪಾತಿಯಲ್ಲಿ ಎರಡೂ ತುದಿಗೆ ಬೂದು, ನೀಲಿ, ಬಿಳಿ ಬಣ್ಣ, ನಡುವೆ ಬರುಬರುತ್ತಾ ಕಿತ್ತಳೆ, ಕೆಂಪು ಇಟ್ಟಳು. ಎಲ್ಲಾದರೂ ಖಾಲಿ ಕಂಡರೆ ಕುಂಡದ ಗಿಡ ತಂದು ಅಲ್ಲಿ ಇಡುತ್ತಿದ್ದಳು. ನೀವು ಖಾಲಿ ಕಂಡಲ್ಲಿ ಬಿಳಿ ಉರುಟುಗಲ್ಲು ಸುರಿದಿದ್ದೀರಿ. ಅದಕ್ಕೂ ಚೀಲಕ್ಕೆ ಇಷ್ಟು ಅಂತ ಬಿಲ್ಲು.

ಬಿಲ್ಲಿನಲ್ಲಿ ‘ಇಂಗ್ಲಿಷ್ ಲಾನ್’ ಅಂತಿದೆ. ಅಂಗಳದಲ್ಲಿ ಇರೋದು ಮೆಕ್ಸಿಕನ್ ಹುಲ್ಲು. ಅದರ ಬಗ್ಗೆ ನನ್ನ ತಕರಾರು ಇಲ್ಲ, ಇದ್ದದ್ದರಲ್ಲಿ ಬದುಕಿರೋದು ಅದೊಂದೇ. ಬೆಲೆ ಮಾತ್ರ ಇಂಗ್ಲೆಂಡಿನದ್ದು ಹಾಕಿದ್ದೀರಿ.

ಈಗ ಲ್ಯಾವೆಂಡರ್ ವಿಷಯ. ಇದು ಮೆಡಿಟರೇನಿಯನ್ ಸಮುದ್ರದ ಕಡೆಯ ಕಲ್ಲು ನೆಲದ ಗಿಡ. ಬಿಸಿಲು ತಡೆಯುತ್ತೆ, ಬೇರಿನ ಹತ್ತಿರ ನೀರು ನಿಂತರೆ ತಡೆಯಲ್ಲ. ಅದಕ್ಕೇ ಅಲ್ವಾ ನೀವು ಎರಡು ಅಡಿ ಎರೆ ಮಣ್ಣು ತೆಗೆದು ಕೆಂಪು ಮಸಾರಿ ಮಣ್ಣು, ಉಸುಕು, ಗೊಬ್ಬರ ತುಂಬುತ್ತೇವೆ ಅಂತ ಬರೆದುಕೊಟ್ಟದ್ದು? ಸಾಲಿಗೆ ಸಾಲು ಲ್ಯಾವೆಂಡರ್ ಬಾಡಿದಾಗ ನಿಮ್ಮ ಹುಡುಗ ಫೋನಿನಲ್ಲಿ ‘ನೀರು ಕಮ್ಮಿ ಆಗೇತ್ರಿ, ಜಾಸ್ತಿ ಹಾಕ್ರಿ’ ಅಂದ. ನಾನು ನೀರು ಹಾಕಲಿಲ್ಲ, ಸಲಿಕೆ ಹಾಕಿದೆ. ಹೋಳಿಗೆ ಮೇಲೆ ತುಪ್ಪ ಸವರಿದ ಹಾಗೆ ಮೇಲೆ ನಾಲ್ಕು ಬೆರಳು ಕೆಂಪು ಮಣ್ಣು. ಅದರ ಕೆಳಗೆ ನಮ್ಮ ಹಳೆಯ ಎರೆ ಮಣ್ಣು, ಅಂಟಂಟಾಗಿ, ಸಲಿಕೆ ಬಿಡದ ಹಾಗೆ. ನಡುವೆ ಒಡೆದ ಟೈಲ್ಸು, ಸಿಮೆಂಟ್ ಹೆಂಟೆ, ನಿಮ್ಮ ಕೆಲಸಗಾರರ ಗುಟ್ಕಾ ಚೀಟಿ. ಗಿಡ ಎಳೆದರೆ ಬೇರಿನ ಸಿಪ್ಪೆ ಕೈಗೇ ಕಳಚಿ ಬಂತು, ಒಳಗೆಲ್ಲಾ ಕಪ್ಪು. ವಾಸನೆ ಬಗ್ಗೆ ಹೇಳೋದಾದರೆ, ನಿಮ್ಮ ಬ್ರೋಷರಿನಲ್ಲಿ ಹೇಳಿದ ‘ಮನ ಸೆಳೆಯುವ ಸುಗಂಧ’ ಅದಾಗಿರಲಿಲ್ಲ.

ಕಮಾನಿನ ಗುಲಾಬಿ ಇದಕ್ಕಿಂತ ತಮಾಷೆ. ‘ಇಂಗ್ಲಿಷ್ ಕ್ಲೈಂಬಿಂಗ್ ರೋಸ್, ಕಸಿ’ ಅಂತ ಒಂದಕ್ಕೆ 1,200 ರೂಪಾಯಿ. ಬುಡಕ್ಕೆ ಬಗ್ಗಿ ನೋಡಿ. ಕಸಿ ಕಟ್ಟಿದ ಜಾಗದಲ್ಲಿ ಪ್ಲಾಸ್ಟಿಕ್ ಪಟ್ಟಿ ಇನ್ನೂ ಸುತ್ತಿಕೊಂಡೇ ಇದೆ. ಅದರ ಮೇಲಿನ ಕಡ್ಡಿ ಒಣಗಿದೆ. ಆ ಪಟ್ಟಿಯ ಕೆಳಗಿನಿಂದ ಕಾಡು ಚಿಗುರು ಎದ್ದು, ಉದ್ದುದ್ದ ಮುಳ್ಳು ಬಿಟ್ಟುಕೊಂಡು ಕಮಾನು ಹತ್ತುತ್ತಿದೆ. ಅಂದರೆ ಇಂಗ್ಲಿಷ್ ಗುಲಾಬಿ ಸತ್ತಿದೆ, ಅದನ್ನು ಹೊರಬೇಕಿದ್ದ ಬೇರು ಗಿಡ ಬೆಳೀತಿದೆ. ಇದರ ಫೋಟೋ ಕಳಿಸಿದರೆ ಬಂದ ಉತ್ತರ: ‘ಮತ್ತ ಹತ್ತಾಕತ್ತೇತಲ್ರಿ ಮೇಡಂ?’ ಜೊತೆಗೆ ಹೆಬ್ಬೆರಳಿನ ಚಿತ್ರ.

ಆ ಕಮಾನೇ ಈಗ ಬೀದಿ ಕಡೆ ವಾಲಿದೆ. ಪಾಯ ಎಷ್ಟು ಆಳ ಅಂತ ನಿಮಗೆ ಗೊತ್ತು, ಈಗ ನನಗೂ ಗೊತ್ತು.

ಫಾಕ್ಸ್‌ಗ್ಲೋವ್ ಬಗ್ಗೆ ಒಂದು ಮಾತು ಹೇಳಲೇಬೇಕು. ಮೂರು ತಿಂಗಳಲ್ಲಿ ಹೂವು ಅಂತ ಬರೆದುಕೊಟ್ಟಿದ್ದೀರಿ. ಸಾಮಾನ್ಯವಾಗಿ ಮೊದಲ ವರ್ಷ ಬರೀ ಎಲೆ ಬಿಟ್ಟು, ಚಳಿ ಕಳೆದು ಮಾರನೇ ವರ್ಷ ಹೂ ಬಿಡುವ ಗಿಡ ಅದು. ನಮ್ಮ ಏಪ್ರಿಲ್ ಬಿಸಿಲಲ್ಲಿ ಅದು ಏನು ಮಾಡುತ್ತೆ ಅನ್ನೋದು ಹಾಗಿರಲಿ, ಎಲೆಯಿಂದ ಬೀಜದವರೆಗೆ ವಿಷ. ಹೃದಯದ ಔಷಧಿ ತೆಗೆಯೋದು ಇದೇ ಜಾತಿಯಿಂದ. ಮೊಮ್ಮಕ್ಕಳು ಆಡುವ ಅಂಗಳ ಇದು ಅಂತ ನಿಮ್ಮ ಫಾರಂನಲ್ಲಿ ನಾನೇ ತುಂಬಿದ್ದೆ, ಆ ಕಾಲಂ ಇಟ್ಟವರೂ ನೀವೇ. ಪುಣ್ಯಕ್ಕೆ ನೀವು ಕೊಟ್ಟ ಬೀಜ ಮೊಳೆಯಲೇ ಇಲ್ಲ. ನಿಮ್ಮ ಕೆಲಸದಲ್ಲಿ ನನಗೆ ಉಪಕಾರ ಆದದ್ದು ಅದೊಂದೇ.

ಇನ್ನು ಆ ಫೋಟೋ. ಕೆಲಸ ಮುಗಿದ ದಿನ ಸಂಜೆ ನಿಮ್ಮವರು ಒಂದು ಗೋಣಿಚೀಲ ತಂದರು. ಅದರ ತುಂಬ ನೇರಳೆ ಬಣ್ಣದ ಬಟ್ಟೆ ಹೂವಿನ ಸರ, ಮದುವೆ ಮಂಟಪಕ್ಕೆ ಕಟ್ಟುವಂಥವು. ಕಮಾನಿಗೆಲ್ಲಾ ಕಟ್ಟಿದರು. ಫೋಟೋ, ವಿಡಿಯೋ ಆಯಿತು. ಆಮೇಲೆ ಎಲ್ಲಾ ಬಿಚ್ಚಿ, ಎಣಿಸಿ, ಅದೇ ಚೀಲಕ್ಕೆ ತುಂಬಿಕೊಂಡು ಹೋದರು. ಆ ವಿಡಿಯೋ ಈಗ ‘ಗದಗದಲ್ಲಿ ಅರಳಿದ ಇಂಗ್ಲೆಂಡ್’ ಅಂತ ನಿಮ್ಮ ಇನ್‌ಸ್ಟಾಗ್ರಾಂನಲ್ಲಿ ಓಡಾಡ್ತಿದೆ. ಅದರಲ್ಲಿ ನನ್ನ ಮನೆಯ ಬಾಗಿಲು ಕಾಣುತ್ತೆ, ಒಣಗಲು ಹಾಕಿದ ಸಂಡಿಗೆಯೂ ಕಾಣುತ್ತೆ. ನನ್ನನ್ನು ಯಾರು ಕೇಳಿದರು?

ಈಗ ಆಫೀಸಿಗೆ ಬಂದ ದಿನದ ವಿಷಯ. ನಿಮಗೆ ಮರೆತಿರಬಹುದು, ನನಗೆ ಮರೆತಿಲ್ಲ.

ಸತ್ತ ಲ್ಯಾವೆಂಡರನ್ನು ಬೇರು ಸಮೇತ ಕ್ಯಾರಿಬ್ಯಾಗಿನಲ್ಲಿ ತಂದಿದ್ದೆ, ತೋರಿಸೋಣ ಅಂತ. ಗಾಜಿನ ಬಾಗಿಲು, ತಣ್ಣಗೆ ಎಸಿ, ಗೋಡೆ ಮೇಲೆ ಹಸಿರು ಪ್ಲಾಸ್ಟಿಕ್ ಎಲೆ. ಗಾರ್ಡನ್ ಕಂಪನಿಯ ಗೋಡೆಗೇ ಪ್ಲಾಸ್ಟಿಕ್ ಎಲೆ ಕಂಡಾಗಲೇ ನಾನು ವಾಪಸ್ ತಿರುಗಿದ್ದರೂ ಆಗುತ್ತಿತ್ತು. ಸೋಫಾದಲ್ಲಿ ಒಂದು ಹೊಸ ಜೋಡಿ ಕೂತಿತ್ತು, ಹುಡುಗಿಯ ಕೈಯಲ್ಲಿ ಮೆಹಂದಿ ಇನ್ನೂ ಮಾಸಿರಲಿಲ್ಲ. ನೀವು ಅವರಿಗೆ ಆಲ್ಬಮ್ ತೋರಿಸುತ್ತಿದ್ದಿರಿ. ನನ್ನ ಕೈಯಲ್ಲಿನ ಚೀಲ ನೋಡಿ ನೀವು ಹೇಳಿದ ಮೊದಲ ಮಾತು:

‘ಏನ್ ತಂದೀರ್ರಿ ಅಕ್ಕಾರ, ಕೊತ್ತಂಬ್ರಿ ಏನು?’

ಆ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು. ನಿಮ್ಮ ರಿಸೆಪ್ಷನ್ ಹುಡುಗಿ ಕೈ ಹಿಡಿಯಲಿಲ್ಲ, ನೇರವಾಗಿಯೇ ನಕ್ಕಳು. ನಾನು ಟೇಬಲ್ ಮೇಲೆ ಬೇರು ಇಟ್ಟೆ. ನೀವು ಆಲ್ಬಮ್ಮನ್ನು ಒಂದು ಗೇಣು ಆಚೆ ಸರಿಸಿದಿರಿ, ಮಣ್ಣು ತಾಗಬಾರದು ನೋಡಿ. ಬೇರು ನೋಡಲಿಲ್ಲ. ಯಾರದೋ ಫೋನ್ ಬಂತು, ಮಾತಾಡಿದಿರಿ. ಆಮೇಲೆ ಕೇಳಿದಿರಿ:

‘ಸರ್ ಬಂದಿಲ್ಲೇನ್ರಿ? ಅವರ ಬಂದಿದ್ರ ಕೂತು ತಿಳಿಸಿ ಹೇಳ್ತಿದ್ದೆ.’

ಚೆಕ್ಕು ನನ್ನದು, ಒಪ್ಪಂದ ನನ್ನದು, ನನಗೇ ಹೇಳಿ ಅಂದೆ. ‘ಹಂಗಲ್ರಿ, ಟೆಕ್ನಿಕಲ್ ಇರ್ತದ’ ಅಂದಿರಿ. ಟೆಕ್ನಿಕಲ್ ಅಂದರೆ ಎರಡು ಅಡಿ ಮಣ್ಣು ತೆಗೆಯೋದು ಅಲ್ವಾ? ಅದನ್ನೇ ಮಾಡಿಲ್ಲ ಅಂತಲೇ ನಾನು ಬಂದದ್ದು. ನಮ್ಮ ಮನೆಯವರಿಗೆ ದಾಸವಾಳ ಯಾವುದು, ಗುಲಾಬಿ ಯಾವುದು ಅಂತ ಹೇಳಿಕೊಟ್ಟವಳು ನಾನು. ಅವರ ಹತ್ತಿರ ಕೂತು ಏನು ತಿಳಿಸುತ್ತಿದ್ದಿರೋ ಗೊತ್ತಿಲ್ಲ.

ಪ್ಯಾಕೇಜಿನ ಹೆಸರಲ್ಲೇ ರೊಮ್ಯಾಂಟಿಕ್ ಅಂತಿದೆ, ನನ್ನ ಅಂಗಳದಲ್ಲಿ ಸತ್ತ ಕಡ್ಡಿ, ವಾಲಿದ ಕಬ್ಬಿಣ ಬಿಟ್ಟು ಏನೂ ಇಲ್ಲ ಅಂದೆ. ಆಗ ನೀವು ಕುರ್ಚಿಗೆ ಒರಗಿ, ಆ ಜೋಡಿಯ ಕಡೆ ಒಮ್ಮೆ ನೋಡಿ, ದನಿ ಏರಿಸಿ ಹೇಳಿದಿರಿ:

‘ರೊಮ್ಯಾಂಟಿಕ್ ಅನ್ನೂದು ಫೀಲಿಂಗ್ ರೀ ಮೇಡಂ. ಅದಕ್ಕ ಗ್ಯಾರಂಟಿ ಕೊಡಾಕ ಬರಂಗಿಲ್ಲ. ಖರೇ ಹೇಳ್ರಿ, ಈ ವಯಸ್ಸಿನ್ಯಾಗ ಒಂದು ತುಳಸಿಕಟ್ಟಿ, ನಾಕು ದಾಸಾಳ ಗಿಡ ಸಾಕಲ್ರಿ?’

ಈ ಸಲ ಎಲ್ಲರೂ ನಕ್ಕರು. ಆ ಜೋಡಿಯ ಹುಡುಗನೂ.

ವಯಸ್ಸಿನ ಮಾತು ಚೆಕ್ಕು ತಗೊಳ್ಳುವಾಗ ನೆನಪಾಗಿರಲಿಲ್ಲ ನಿಮಗೆ. ಫಾರಂನಲ್ಲಿ ಹುಟ್ಟಿದ ತಾರೀಖು ಬರೆಸಿಕೊಂಡಿದ್ದಿರಿ, ಲೆಕ್ಕ ಬರುತ್ತೆ ಅಂದುಕೊಂಡಿದ್ದೆ.

ಆಮೇಲೆ ನಿಮ್ಮ ಹುಡುಗನನ್ನು ಕರೆದು ‘ಅಕ್ಕಾರಿಗೆ ಚಾ ಕೊಡಪಾ’ ಅಂದು ಒಳಗೆ ಹೋದಿರಿ. ಆ ಹುಡುಗ ಬಂದ, ಕೈಯಲ್ಲಿ ಚಹಾ ಇರಲಿಲ್ಲ, ಟಿಶ್ಯೂ ಪೇಪರ್ ಇತ್ತು. ಬೇರಿನಿಂದ ಬಿದ್ದ ಮಣ್ಣು ಬಿಳಿ ಟೈಲ್ಸಿಗೆ ಅಂಟಿತ್ತು, ‘ಸ್ವಲ್ಪ ಒರಿಸ್ತೀರೇನ್ರಿ’ ಅಂದ. ಎರೆ ಮಣ್ಣು ಅದು, ಒರೆಸಿದಷ್ಟೂ ಹರಡುತ್ತೆ. ಒರೆಸಲಿಲ್ಲ, ಎದ್ದು ಬಂದೆ. ಚಹಾ ಇನ್ನೂ ಬಾಕಿ ಇದೆ, ಅದಕ್ಕೆ ಬಿಲ್ಲು ಹಾಕಿಲ್ಲ ಅಂತ ನಂಬಿದ್ದೇನೆ.

ಮನೆಗೆ ಬಂದು ನಿಮ್ಮ ಬ್ರೋಷರನ್ನು ಇನ್ನೊಮ್ಮೆ ಸರಿಯಾಗಿ ನೋಡಿದೆ. ಮುಖಪುಟದ ಬಿಳಿ ಹೂವಿನ ತೋಟ, ಹಿಂದೆ ಇಟ್ಟಿಗೆಯ ಗೋಪುರ, ಕೆಳಗೆ ‘ನಮ್ಮ ಇತ್ತೀಚಿನ ಕೆಲಸ’. ಸಾರ್, ಅದು ಇಂಗ್ಲೆಂಡಿನ ಕೆಂಟ್‌ನಲ್ಲಿರುವ ಸಿಸ್ಸಿಂಗ್‌ಹರ್ಸ್ಟ್. ಲೇಖಕಿ ವೀಟಾ ಸ್ಯಾಕ್‌ವಿಲ್-ವೆಸ್ಟ್, ಆಕೆಯ ಗಂಡ ಹೆರಾಲ್ಡ್ ನಿಕಲ್ಸನ್ 1930ರಲ್ಲಿ ಪಾಳುಬಿದ್ದ ಜಾಗ ಕೊಂಡು ವರ್ಷಗಟ್ಟಲೆ ದುಡಿದು ಮಾಡಿದ ತೋಟ. ಇತ್ತೀಚಿನ ಕೆಲಸ ಅಂದರೆ ನಿಮ್ಮ ಕಂಪನಿಗೆ ವಯಸ್ಸು ಎಷ್ಟಾಯ್ತು ಅಂತ ನಾನು ಕೇಳಬೇಕಾಗುತ್ತೆ.

ಏನು ಬೇಕು ಅಂತ ಕೇಳಿದರೆ, ಪೂರ್ತಿ ದುಡ್ಡು ವಾಪಸ್, ಕಮಾನು ತೆಗೆದುಕೊಂಡು ಹೋಗೋದು, ವಿಡಿಯೋ ಅಳಿಸೋದು. ನಿಮ್ಮ ಟೀಮ್ ನನ್ನ ಅಂಗಳಕ್ಕೆ ಮತ್ತೆ ಸಲಿಕೆ ಹಾಕೋದು ಬೇಡ. ಈ ಪತ್ರ ತಲುಪಿದ 15 ದಿನದ ಒಳಗೆ ಆಗಬೇಕು.

ಆಗದಿದ್ದರೆ ಕೇಳಿ. 2019ರ ಗ್ರಾಹಕ ರಕ್ಷಣಾ ಕಾಯ್ದೆ ಪ್ರಕಾರ ನಾನಿರುವ ಊರಿನಲ್ಲೇ ದೂರು ಕೊಡಬಹುದು. ಅಂದರೆ ಗದಗ ಜಿಲ್ಲಾ ಗ್ರಾಹಕ ಆಯೋಗಕ್ಕೆ ನೀವು ಬರಬೇಕು, ನಾನು ಹುಬ್ಬಳ್ಳಿಗೆ ಬರಬೇಕಾಗಿಲ್ಲ. ಕೊಟ್ಟ ದುಡ್ಡು 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ. ವಕೀಲರೂ ಬೇಕಿಲ್ಲ, ನಾನೇ ವಾದ ಮಾಡ್ತೇನೆ. ದೂರು ಕೊಡಲು ಎರಡು ವರ್ಷದ ಅವಧಿ ಇದೆ, ನಿವೃತ್ತಿ ಆಗಿದ್ದೇನೆ, ಬೇರೆ ಕೆಲಸ ಇಲ್ಲ. ಸುಳ್ಳು ಜಾಹೀರಾತಿಗೆ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 10 ಲಕ್ಷದವರೆಗೂ ದಂಡ ಹಾಕಬಹುದು, ಅಲ್ಲಿಗೆ ನಿಮ್ಮ ಬ್ರೋಷರ್ ಹೋಗುತ್ತೆ. ಸಿಸ್ಸಿಂಗ್‌ಹರ್ಸ್ಟನ್ನು ಈಗ ನೋಡಿಕೊಳ್ಳುತ್ತಿರುವ ಇಂಗ್ಲೆಂಡಿನ ನ್ಯಾಷನಲ್ ಟ್ರಸ್ಟಿಗೂ ಒಂದು ಇಮೇಲ್ ಹೋಗುತ್ತೆ, ಅವರ ತೋಟವನ್ನು ಹುಬ್ಬಳ್ಳಿಯವರು ಮಾಡಿದ್ದು ಅಂತ ಅವರಿಗೆ ಇನ್ನೂ ತಿಳಿದಿರಲಿಕ್ಕಿಲ್ಲ. ಗ್ರಾಹಕ ಸಹಾಯವಾಣಿ 1915ಕ್ಕೆ ಇವತ್ತೇ ಫೋನ್ ಮಾಡ್ತೇನೆ, ಅದಕ್ಕೆ 15 ದಿನ ಕಾಯಲ್ಲ.

ಇನ್ನೊಂದು. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳದಲ್ಲಿ ನೀವು ಸ್ಟಾಲ್ ಹಾಕ್ತೀರಿ ಅಂತ ನಿಮ್ಮ ಬ್ರೋಷರಿನ ಹಿಂದಿನ ಪುಟದಲ್ಲೇ ಇದೆ. ಈ ಸಲವೂ ಹಾಕಿ. ಅದೇ ಕ್ಯಾರಿಬ್ಯಾಗ್ ಹಿಡಿದು ಸ್ಟಾಲಿನ ಮುಂದೆ ನಿಲ್ಲುತ್ತೇನೆ, ಏನಮ್ಮಾ ಇದು ಅಂತ ಕೇಳಿದ ಪ್ರತಿ ರೈತನಿಗೂ ಬೇರು ತೋರಿಸುತ್ತೇನೆ. ಎರೆ ಮಣ್ಣಿನ ಬಗ್ಗೆ ಅವರಿಗೆ ನಾನು ಹೆಚ್ಚು ವಿವರಿಸಬೇಕಾಗಲ್ಲ. ಅವತ್ತು ನಮ್ಮ ಮನೆಯವರನ್ನೂ ಕರೆದುಕೊಂಡು ಬರುತ್ತೇನೆ. ಅವರ ಹತ್ತಿರ ಕೂತು ಮಾತಾಡಬೇಕು ಅಂದಿದ್ದಿರಲ್ಲ.

ಇಂತಿ,
ನಿಮ್ಮ ಬಿಲ್ ಪುಸ್ತಕದಲ್ಲಿ ಹೆಸರಿರುವ ಗ್ರಾಹಕಿ,
ಗದಗ