ಜನವರಿ 1ಕ್ಕೆ ಅಂತ ಹೇಳಿದ್ದ ಎಲ್‌ಎಲ್‌ಸಿನ ಡಿಸೆಂಬರ್‌ನಲ್ಲೇ ಫೈಲ್ ಮಾಡಿದೀರಿ, ಆ 800 ಡಾಲರ್ ನೀವೇ ಕೊಡ್ಬೇಕು

ನಮಸ್ಕಾರ,

ಇದು ನಿಮಗೆ ನಾನು ಬರೀತಿರೋ ನಾಲ್ಕನೇ ಮೇಲ್. ಹಿಂದಿನ ಮೂರಕ್ಕೂ ಬಂದಿದ್ದು ಒಂದೇ ಉತ್ತರ, ಆರ್ಡರ್ ಕಂಪ್ಲೀಟ್ ಆಗಿದೆ ಅಂತ. ನಾನು ಕೇಳಿದ್ದೇನು ಅಂತ ಒಬ್ರೂ ಓದಿಲ್ಲ ಅನ್ಸುತ್ತೆ, ಅದಕ್ಕೇ ಈ ಸಲ ಮೊದಲಿಂದ ಎಲ್ಲಾ ಬರೀತಿದೀನಿ, ದಯವಿಟ್ಟು ಮೇಲಿನವರು ಯಾರಾದ್ರೂ ಕೂತು ಪೂರ್ತಿ ಓದಿ.

ನಾನು, ನನ್ನ ಹೆಂಡತಿ ಇಬ್ಬರೂ ಸೇರಿ ಕ್ಯಾಲಿಫೋರ್ನಿಯಾದಲ್ಲಿ ಒಂದು ಎಲ್‌ಎಲ್‌ಸಿ, ಅಂದ್ರೆ ಮಾಲೀಕರ ಹೊಣೆ ಸೀಮಿತವಾಗಿರೋ ಕಂಪನಿ, ಮಾಡೋಣ ಅಂತ 2024ರ ನವೆಂಬರ್‌ನಲ್ಲಿ, ಕಂಪನಿ ನೋಂದಣಿ ಮಾಡ್ಕೊಡೋ ನಿಮ್ಮ ಹತ್ರ ಬಂದ್ವಿ. ಇಲ್ಲಿನ ಮಕ್ಕಳಿಗೆ ಅವಳು ನಾಲ್ಕು ವರ್ಷದಿಂದ ಸುಮ್ನೆ ಪ್ರೀತಿಗೆ ಆನ್‌ಲೈನಲ್ಲಿ ಕನ್ನಡ ಹೇಳ್ಕೊಡ್ತಿದ್ಳು, ಅದನ್ನ ಹೊಸ ವರ್ಷದಿಂದ ಫೀ ತಗೊಂಡು, ಲೆಕ್ಕಪತ್ರ ಇಟ್ಟು, ಸರಿಯಾಗಿ ನಡೆಸ್ಬೇಕು ಅನ್ನೋದು ಆಸೆ. ಕಂಪನಿ ಶುರು ಮಾಡೋ ಅರ್ಜಿ, ಆರ್ಟಿಕಲ್ಸ್ ಆಫ್ ಆರ್ಗನೈಸೇಶನ್‌ನ, ಕಂಪನಿ ನೋಂದಣಿ ನೋಡ್ಕೊಳೋ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಯ ವೆಬ್‌ಸೈಟಲ್ಲಿ ನಾವೇ ಹಾಕಿದ್ರೆ 70 ಡಾಲರ್‌ಗೆ ಮುಗೀತಿತ್ತು. ಆದ್ರೂ ನಿಮಗೆ ಅದರ ಮೇಲೆ ದುಡ್ಡು ಕೊಟ್ಟಿದ್ದು ಯಾಕೆ ಅಂದ್ರೆ ಮೊದಲನೇ ಸಲ ಮಾಡ್ತಿದೀವಿ, ಎಲ್ಲೂ ತಪ್ಪಾಗ್ಬಾರ್ದು ಅಂತ, ಜೊತೆಗೆ ನಿಮ್ಮಲ್ಲಿ ಕನ್ನಡದಲ್ಲಿ ಮಾತಾಡೋರು ಇದಾರೆ, ಬಿಡಿಸಿ ಹೇಳ್ಬಹುದು ಅಂತ.

ಬಿಡಿಸಿ ಹೇಳಿದ್ದೂ ಆಯ್ತು. ಫೋನಲ್ಲಿ ನಿಮ್ಮವರಿಗೆ ಎರಡು ಸಲ ಹೇಳಿದೀನಿ, ಕಂಪನಿ ಜನವರಿ 1, 2025ರಿಂದ ಶುರುವಾಗ್ಬೇಕು, ಅದಕ್ಕಿಂತ ಒಂದು ದಿನಾನೂ ಮುಂಚೆ ಬೇಡ ಅಂತ. ಆರ್ಡರ್ ಫಾರ್ಮ್‌ನಲ್ಲಿ ವಿಶೇಷ ಸೂಚನೆ ಅಂತ ಇದ್ದ ಬಾಕ್ಸಲ್ಲೂ ಅದನ್ನೇ ಟೈಪ್ ಮಾಡಿದೀನಿ, ಸ್ಕ್ರೀನ್‌ಶಾಟ್ ಈ ಮೇಲ್ ಜೊತೆ ಇದೆ ನೋಡಿ. ಅಷ್ಟು ಒತ್ತಿ ಹೇಳಿದ್ದಕ್ಕೆ ಕಾರಣ ಇದೆ. ಕ್ಯಾಲಿಫೋರ್ನಿಯಾದಲ್ಲಿ ಎಲ್‌ಎಲ್‌ಸಿ ಇದ್ರೆ ಲಾಭ ಬರ್ಲಿ ಬಿಡ್ಲಿ ವರ್ಷಕ್ಕೆ 800 ಡಾಲರ್ ಟ್ಯಾಕ್ಸ್ ಕಟ್ಲೇಬೇಕು. ಮೊದಲನೇ ವರ್ಷ ಮಾಫಿ ಅಂತ ಇದ್ದಿದ್ದು 2021ರಿಂದ 2023ರ ಒಳಗೆ ಶುರುವಾದವರಿಗೆ ಮಾತ್ರ, ಅದೂ ಹೋಯ್ತು. ವರ್ಷದ ಕೊನೇಲಿ 15 ದಿನ ಅಥವಾ ಅದಕ್ಕಿಂತ ಕಮ್ಮಿ ಇದ್ದು, ಆ ದಿನಗಳಲ್ಲಿ ಏನೂ ವ್ಯವಹಾರ ಮಾಡಿಲ್ಲ ಅಂದ್ರೆ ಆ ವರ್ಷದ ಟ್ಯಾಕ್ಸ್ ಬರಲ್ಲ, ಅಂದ್ರೆ ಡಿಸೆಂಬರ್ 17 ದಾಟಿ ಫೈಲ್ ಮಾಡಿದ್ರೂ ನಾವು ಬಚಾವಾಗ್ತಿದ್ವಿ. ಬೇಕಾದ ಮುಂದಿನ ತಾರೀಖು ಕೊಟ್ಟು ಮೊದಲೇ ಫೈಲ್ ಮಾಡೋ ಅವಕಾಶಾನೂ ಸ್ಟೇಟ್‌ನವರು ಕೊಟ್ಟಿದಾರೆ, 90 ದಿನದ ತನಕ. ಇದೆಲ್ಲ ದಿನಾ ಇದೇ ಕೆಲ್ಸ ಮಾಡೋ ನಿಮಗೆ ಗೊತ್ತಿಲ್ದೆ ಇರೋ ವಿಷಯ ಅಲ್ಲ.

ಡಿಸೆಂಬರ್ 9ರ ಸಂಜೆ ಅವಳು ಕ್ಲಾಸಲ್ಲಿದ್ಳು, ಪಕ್ಕದ ರೂಮಿಂದ ಮಕ್ಕಳು ಕಾಗುಣಿತ ಹೇಳೋದು ಕೇಳಿಸ್ತಿತ್ತು, ಆಗ ನಿಮ್ಮ ಮೇಲ್ ಬಂತು, ಅಭಿನಂದನೆಗಳು ಅಂತ. ಪಿಡಿಎಫ್ ತೆಗೆದು ನೋಡಿದ್ರೆ ಮೇಲೆ ಫೈಲ್ ಆದ ತಾರೀಖಿನ ಸೀಲು, 12/9/2024. ಮೂರ್ನಾಲ್ಕು ಸಲ ನೋಡಿದೆ, ಕ್ಲಾಸ್ ಮುಗಿಸಿ ಬಂದ ಅವಳಿಗೂ ತೋರಿಸಿದೆ, ಅವಳು ಏನೂ ಮಾತಾಡ್ದೆ ಕುರ್ಚಿ ಮೇಲೆ ಕೂತ್ಕೊಂಬಿಟ್ಳು. ಡಿಸೆಂಬರ್ 9ರಿಂದ 31ಕ್ಕೆ 23 ದಿನ. ಒಂದು ಡಾಲರ್ ವ್ಯಾಪಾರ ಆಗ್ದೇ ಇರೋ ಆ 23 ದಿನಕ್ಕೆ ಮಾರ್ಚ್ ಮಧ್ಯದ ಹೊತ್ತಿಗೆ ನಾವು 800 ಕಟ್ಬೇಕು, ಆಮೇಲೆ ಏಪ್ರಿಲ್ 15ಕ್ಕೆ 2025ರದ್ದು ಅಂತ ಇನ್ನೊಂದು 800. ಇದರ ಮೇಲೆ 2024ಕ್ಕೆ ಅಂತಾನೇ ಬೇರೆ ಫಾರ್ಮ್ 568, ಅಂದ್ರೆ ಎಲ್‌ಎಲ್‌ಸಿಯ ಟ್ಯಾಕ್ಸ್ ರಿಟರ್ನ್, ಅದಕ್ಕೆ ಟ್ಯಾಕ್ಸ್ ನೋಡೋರ ಫೀ ಬೇರೆ. ಅವಳು ಇಟ್ಟಿದ್ದ ಫೀ ಲೆಕ್ಕದಲ್ಲಿ ಮೊದಲ ಮೂರು ತಿಂಗಳ ದುಡ್ಡು ಪೂರ್ತಿ ಇದಕ್ಕೇ ಹೋಗುತ್ತೆ.

ಮಾರನೇ ದಿನಾನೇ ಫೋನ್ ಮಾಡಿದ್ರೆ ನಿಮ್ಮವರು ಹೇಳಿದ್ದು, ನೀವು ಎಕ್ಸ್‌ಪ್ರೆಸ್ ಪ್ಯಾಕೇಜ್ ತಗೊಂಡಿದ್ರಿ, ಅದಕ್ಕೆ ಬೇಗ ಮಾಡಿದ್ವಿ, ಬೇಗ ಆದ್ರೆ ಒಳ್ಳೇದೇ ಅಲ್ವಾ ಸರ್ ಅಂತ. ಎಕ್ಸ್‌ಪ್ರೆಸ್ ತಗೊಳಿ ಅಂತ ಒತ್ತಾಯ ಮಾಡಿದ್ದು ನೀವೇ, ಜನವರಿ 1ಕ್ಕೆ ಗ್ಯಾರಂಟಿ ಆಗ್ಬೇಕು ಅಂದ್ರೆ ಅದೇ ಬೇಕು ಅಂತ. ಹೇಳಿದ ತಾರೀಖು ಬಿಟ್ಟು ಬೇರೆ ತಾರೀಖಿಗೆ ಮಾಡಿದ್ರೆ ಅದು ಬೇಗ ಅಲ್ಲ, ತಪ್ಪು. ಹೋಗ್ಲಿ ತಿದ್ದಿ ಕೊಡಿ ಅಂದ್ರೆ ಒಂದ್ಸಲ ಫೈಲ್ ಆದ ತಾರೀಖು ಬದಲಾಗಲ್ಲ ಅಂದ್ರು, ಅದು ನಿಜಾನೇ, ಅದಕ್ಕೇ ತಾನೇ ಮುಂಚೆ ಅಷ್ಟು ಸಲ ಹೇಳಿದ್ದು.

ಇನ್ನೊಂದು ತಪ್ಪೂ ಇದೆ. ಕಂಪನಿ ನಡೆಸೋರು ಯಾರು ಅನ್ನೋ ಕಡೆ ಎಲ್ಲಾ ಮೆಂಬರ್‌ಗಳು, ಅಂದ್ರೆ ಮಾಲೀಕರಾದ ನಾವಿಬ್ರೂ, ಅಂತ ನಾವು ಕೊಟ್ಟಿದ್ದು, ನೀವು ಒಬ್ಬ ಮ್ಯಾನೇಜರ್ ಅಂತ ಟಿಕ್ ಮಾಡಿದೀರಿ. ಕ್ಲಾಸ್ ಕಟ್ಟಿದವಳು ಅವಳು, ಅವಳಿಗೆ ಕಂಪನಿ ನಡೆಸೋ ಅಧಿಕಾರ ಇದೆ ಅನ್ನೋದೇ ಕಾಗದದಲ್ಲಿ ಇಲ್ದಂಗಾಯ್ತು. ಇದನ್ನ ಸರಿ ಮಾಡಕ್ಕೆ ಫಾರ್ಮ್ ಎಲ್‌ಎಲ್‌ಸಿ-2 ಅನ್ನೋ ತಿದ್ದುಪಡಿ ಅರ್ಜಿ ಹಾಕ್ಬೇಕು, 30 ಡಾಲರ್. ಇಷ್ಟೆಲ್ಲ ಆದ್ಮೇಲೂ ಹೋದ ವಾರ ನಿಮ್ಮಿಂದ ಮೇಲ್, ಕಂಪನಿಯ ವಿಳಾಸ, ನಡೆಸೋರ ಹೆಸರು ತಿಳಿಸೋ ಸ್ಟೇಟ್‌ಮೆಂಟ್ ಆಫ್ ಇನ್ಫರ್ಮೇಶನ್‌ನ 90 ದಿನದೊಳಗೆ ಕೊಡ್ಬೇಕು, 99 ಡಾಲರ್ ಕೊಟ್ರೆ ಮಾಡ್ಕೊಡ್ತೀವಿ ಅಂತ. ಸ್ಟೇಟ್ ಫೀ 20 ಡಾಲರ್. ಅದನ್ನ ಮಾರ್ಚ್ 9ರೊಳಗೆ ನಾವೇ ಮಾಡ್ಕೋತೀವಿ.

ನಿಮ್ಮಿಂದ ನಮಗೆ ಬೇಕಿರೋದು ಇಷ್ಟು: 2024ರ 800 ಡಾಲರ್, ಆ ವರ್ಷದ ರಿಟರ್ನ್ ಮಾಡ್ಸೋ ಖರ್ಚು, ತಿದ್ದುಪಡಿಯ 30 ಡಾಲರ್, ಜೊತೆಗೆ ಎಕ್ಸ್‌ಪ್ರೆಸ್‌ಗೆ ಅಂತ ತಗೊಂಡ ದುಡ್ಡು ವಾಪಸ್. 14 ದಿನದೊಳಗೆ ಬರವಣಿಗೇಲಿ ಉತ್ತರ ಕೊಡಿ, ಫೋನಲ್ಲಿ ಬೇಡ. ಕೊಡ್ಲಿಲ್ಲ ಅಂದ್ರೆ ಸ್ಟೇಟ್ ಅಟಾರ್ನಿ ಜನರಲ್ ಆಫೀಸಿಗೆ ದೂರು ಕೊಡ್ತೀನಿ, ಸಣ್ಣ ಮೊತ್ತದ ದಾವೆ ನೋಡೋ ಸ್ಮಾಲ್ ಕ್ಲೇಮ್ಸ್ ಕೋರ್ಟಿಗೂ ಹೋಗ್ತೀನಿ, ಅಲ್ಲಿ ಲಾಯರ್ ಇಲ್ದೆ ನಾನೇ ನಿಂತು ಹೇಳ್ಬಹುದು. ಆರ್ಡರ್ ಫಾರ್ಮ್ ಸ್ಕ್ರೀನ್‌ಶಾಟ್, ಸೀಲ್ ಆದ ಪಿಡಿಎಫ್, ನಿಮ್ಮ ಮೂರು ಉತ್ತರ, ಎಲ್ಲಾ ಜೊತೆಗಿಟ್ಟಿದೀನಿ.

ಇಂತಿ,
ನಿಮ್ಮ ಗ್ರಾಹಕ