ದಿನಚರಿ ಬರೆದವರ ಹೆಸರೂ ಇರಲಿ

ಮಾನ್ಯ ಸಂಪಾದಕರೇ,

ಜಪಾನಿನ ಲೇಖಕ ಒಸಾಮು ದಜಾಯ್ ಅವರು 1939ರಲ್ಲಿ ಪ್ರಕಟಿಸಿದ ‘ಜೊಸೇಯಿತೊ’, ಅಂದರೆ ‘ಶಾಲಾ ಹುಡುಗಿ’ ಎಂಬ ಕಿರುಕಾದಂಬರಿಯ ಪರಿಚಯವನ್ನು ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ಓದಿ ಸಂತೋಷವಾಯಿತು. ಮೂವತ್ತರ ಅಂಚಿನಲ್ಲಿದ್ದ ಗಂಡಸೊಬ್ಬರು ಹದಿಹರೆಯದ ಹುಡುಗಿಯ ಮನಸ್ಸಿನೊಳಗೆ ಪರಕಾಯ ಪ್ರವೇಶ ಮಾಡಿದ್ದಾರೆಂಬ ಬೆರಗು ಆ ಬರಹದ ಉದ್ದಕ್ಕೂ ಇತ್ತು. ಆದರೆ ಈ ಕೃತಿಗೆ ಆಧಾರವಾಗಿದ್ದು ನಿಜವಾದ ಒಂದು ದಿನಚರಿ ಎಂಬ ಸಂಗತಿಯ ಪ್ರಸ್ತಾಪವೇ ಅಲ್ಲಿರಲಿಲ್ಲ.

ಅರಿಅಕೆ ಶಿಜು ಎಂಬ ಹತ್ತೊಂಬತ್ತರ ಹರೆಯದ ಓದುಗರು 1938ರಲ್ಲಿ ತಾವು ಬರೆದ ದಿನಚರಿಯನ್ನು ದಜಾಯ್ ಅವರಿಗೆ ಕಳುಹಿಸಿಕೊಟ್ಟಿದ್ದರು. ಅದರಲ್ಲಿ ಹರಡಿಕೊಂಡಿದ್ದ ಕೆಲವು ತಿಂಗಳುಗಳನ್ನು ದಜಾಯ್ ಅವರು ಒಂದೇ ದಿನಕ್ಕೆ, ಹುಡುಗಿ ಬೆಳಿಗ್ಗೆ ಕಣ್ಣು ಬಿಡುವಲ್ಲಿಂದ ರಾತ್ರಿ ನಿದ್ದೆಗೆ ಜಾರುವವರೆಗಿನ ಅವಧಿಗೆ, ಅಡಕಗೊಳಿಸಿದರು. ಈ ಕೈಚಳಕ ಸಣ್ಣದೇನಲ್ಲ. ತಂದೆಯನ್ನು ಕಳೆದುಕೊಂಡ, ಅಕ್ಕನನ್ನು ಮದುವೆ ಮಾಡಿ ಕಳಿಸಿದ ಆ ಮನೆಯಲ್ಲಿ ದೊಡ್ಡ ಘಟನೆಯೆಂದು ಹೇಳುವಂಥದ್ದು ಏನೂ ನಡೆಯುವುದಿಲ್ಲ. ಕನ್ನಡಕದ ಬಗೆಗಿನ ಬೇಸರ, ಒಳಉಡುಪಿನ ಮೇಲೆ ತಾನೇ ಹಾಕಿಕೊಂಡ, ಯಾರಿಗೂ ಕಾಣದ ಗುಲಾಬಿ ಹೂವಿನ ಕಸೂತಿ, ಇಷ್ಟರಲ್ಲೇ ಕಥೆ ಸಾಗುತ್ತದೆ. ನನ್ನನ್ನು ತಡೆದು ನಿಲ್ಲಿಸಿದ್ದು ಮಾತ್ರ ಅವಳ ಎರಡು ನಾಯಿಗಳ ಪ್ರಸಂಗ. ಅಂದವಾದ ಜಾಪಿಯನ್ನು ಮುದ್ದಿಸುತ್ತ ಕುಂಟುವ ಇನ್ನೊಂದನ್ನು ಬೇಕೆಂದೇ ಕಡೆಗಣಿಸುವ ಅವಳು, ಅದರ ಮೇಲಿನ ಕನಿಕರವನ್ನು ತಡೆಯಲಾರದೆಯೇ ಹಾಗೆ ಕ್ರೂರಿಯಾಗುತ್ತಾಳೆ, ಮತ್ತು ಅದು ಅವಳಿಗೂ ಗೊತ್ತಿದೆ. ಹದಿಹರೆಯವೆಂದರೆ ಮುಗ್ಧತೆ ಎಂದು ಬಗೆಯುವ ನಮ್ಮ ವಿಮರ್ಶಕರು (ನಿಮ್ಮ ಲೇಖಕರೂ ಸೇರಿದಂತೆ) ಈ ಪುಟವನ್ನು ಇನ್ನೊಮ್ಮೆ ಓದಬೇಕು.

ಕೃತಿ ಪ್ರಕಟವಾಗುವುದಕ್ಕೆ ನಾಲ್ಕು ವರ್ಷ ಮೊದಲು, ಜಪಾನಿನ ಸಾಹಿತ್ಯ ಪುರಸ್ಕಾರವಾದ ಅಕುತಗಾವ ಪ್ರಶಸ್ತಿಯ ಸಂದರ್ಭದಲ್ಲಿ ದಜಾಯ್ ಅವರ ಬಗ್ಗೆ ಕಟುವಾಗಿ ಬರೆದಿದ್ದ ಕಾದಂಬರಿಕಾರ ಯಸುನಾರಿ ಕವಬಾಟ ಅವರೇ ಈ ಕೃತಿಯನ್ನು ಮೆಚ್ಚಿ ಬರೆದರು. ಹೆಣ್ಣಿನ ದನಿಯಲ್ಲಿ ಬರೆಯುವ ಕಲೆಗಾರರೆಂಬ ಹೆಸರು ದಜಾಯ್ ಅವರಿಗೆ ನಿಂತಿತು. ಆ ದಿನಚರಿ ದಜಾಯ್ ಅವರ ಹುಟ್ಟೂರಿನ ಪ್ರಾಂತ್ಯವಾದ ಅಒಮೊರಿಯ ಸಾಹಿತ್ಯ ಸಂಗ್ರಹಾಲಯದ ಮೂಲಕ ಅಚ್ಚಾಗಿ ಹೊರಬಂದದ್ದು 2000ದಲ್ಲಿ. ಅಷ್ಟರಲ್ಲಿ ಕಾದಂಬರಿಗೆ ಅರವತ್ತು ವರ್ಷ ದಾಟಿತ್ತು. ಈಗ ಎರಡನ್ನೂ ಅಕ್ಕಪಕ್ಕ ಇಟ್ಟು ಓದುವುದು ಸಾಧ್ಯವಿರುವಾಗ, ಪರಕಾಯ ಪ್ರವೇಶವೆಂದು ಹೊಗಳುವವರು ಆ ಕಾಯ ಯಾರದೆಂಬುದನ್ನೂ ಹೇಳಬೇಕಲ್ಲವೇ?

ದಯವಿಟ್ಟು ಮುಂದಿನ ಪುರವಣಿಯಲ್ಲಿ ಒಂದು ಸಾಲಿನ ಸೇರ್ಪಡೆಯಾಗಿಯಾದರೂ ಅರಿಅಕೆ ಶಿಜು ಅವರ ಹೆಸರನ್ನು ಪ್ರಕಟಿಸಬೇಕೆಂದು ಕೋರುತ್ತೇನೆ.

— ನಿವೃತ್ತ ಅಧ್ಯಾಪಕಿ, ಶಿವಮೊಗ್ಗ