ನಮ್ಮ ಎಂಪಿ ಆಗಿದ್ದು ಒಂದೂವರೆ ತಿಂಗಳೂ ಇಲ್ಲ

ಸಂಪಾದಕರೇ,

ರಾಜಕೀಯ ಮನೆತನದ ಹೆಣ್ಣುಮಕ್ಕಳೆಲ್ಲ ಅಪ್ಪನ ಹೆಸರಲ್ಲೇ ಗೆಲ್ಲುತ್ತಾರೆ ಎಂದು ಕಳೆದ ವಾರ ಇದೇ ಅಂಕಣದಲ್ಲಿ ಓದುಗರೊಬ್ಬರು ಬರೆದಿದ್ದರು. ಇಂದಿರಾ ಗಾಂಧಿಯವರನ್ನೂ ಆ ಸಾಲಿಗೆ ಸೇರಿಸಿದ್ದರು. ಅರ್ಧ ಒಪ್ಪುತ್ತೇನೆ. ನೆಹರೂ ಮಗಳಾಗಿರದಿದ್ದರೆ 1966ರಲ್ಲಿ ಪ್ರಧಾನಿ ಕುರ್ಚಿ ಸಿಗುತ್ತಿತ್ತಾ? ಆದರೆ ಅವರು ನಿಂತು ಗೆದ್ದ 1978ರ ಚಿಕ್ಕಮಗಳೂರು ಲೋಕಸಭಾ ಉಪಚುನಾವಣೆಗೆ ಆ ಲೆಕ್ಕ ಸರಿಹೋಗುವುದಿಲ್ಲ.

ಹಿಂದಿನ ವರ್ಷ ಉತ್ತರ ಪ್ರದೇಶದ ತಮ್ಮದೇ ಕ್ಷೇತ್ರ ರಾಯ್‌ಬರೇಲಿಯಲ್ಲೇ ಸೋತಿದ್ದರು. ಪಕ್ಷ ಒಡೆದು, ಹಸು-ಕರು ಗುರುತೂ ಹೋಗಿ ಹೊಸದಾಗಿ ಹಸ್ತದ ಗುರುತು ಬಂದಿತ್ತು. ಆಗ ಇಲ್ಲಿನ ಎಂಪಿ ಆಗಿದ್ದ ಡಿ.ಬಿ. ಚಂದ್ರೇಗೌಡರು ಸೀಟು ಬಿಟ್ಟುಕೊಟ್ಟರು. ಮುಖ್ಯಮಂತ್ರಿ ದೇವರಾಜ ಅರಸರ ಸರ್ಕಾರ ಬೆನ್ನಿಗಿತ್ತು, ಅದೂ ನಿಜ. ಆದರೆ ಎದುರಾಳಿ ಸುಮ್ನೆ ಯಾರೋ ಅಲ್ಲ, ಮಾಜಿ ಮುಖ್ಯಮಂತ್ರಿ ವೀರೇಂದ್ರ ಪಾಟೀಲರು.

ನಾನಾಗ ಎಂಟನೇ ಕ್ಲಾಸು. ಮೂಡಿಗೆರೆ ಕಡೆಯ ಕಾಫಿ ಎಸ್ಟೇಟೊಂದರ ಲೈನ್ ಮನೆಯಲ್ಲಿದ್ದೆವು. ಅವ್ವನಿಗೆ ಓದು ಬರಹ ಇಲ್ಲ, ನೆಹರೂ ಯಾರೆಂದೂ ಗೊತ್ತಿಲ್ಲ. ಸಂಜೆ ನಲ್ಲಿ ಹತ್ತಿರ ಹೆಂಗಸರೆಲ್ಲ ಸೇರಿ, ಕತ್ತಿ ಹಿಡಿದು ಬೊಬ್ಬೆ ಎದ್ದ ಅಂಗೈ ಎತ್ತಿ, "ಹಸು ಹುಡುಕಬ್ಯಾಡ್ರೇ, ಇದಕ್ಕೆ ಒತ್ತಬೇಕು" ಎಂದು ಒಬ್ಬರಿಗೊಬ್ಬರು ಹೇಳಿಕೊಡುತ್ತಿದ್ದರು. ಯಾಕೆ ಅವರಿಗೇ ಎಂದು ಕೇಳಿದರೆ ಅವ್ವನದು ಒಂದೇ ಮಾತು: "ಗಂಡಸ್ರೆಲ್ಲ ಸೇರ್ಕಂಡು ಓಡಿಸಿದಾರೆ, ಪಾಪ." ಗೆದ್ದಿದ್ದು 70 ಸಾವಿರಕ್ಕೂ ಜಾಸ್ತಿ ಓಟಿನಿಂದ.

ತುರ್ತು ಪರಿಸ್ಥಿತಿಯನ್ನು ಮರೆತು ಇದನ್ನು ಬರೆಯುತ್ತಿಲ್ಲ. ಅಸ್ತಮಾ ಇದ್ದ ನಟಿ ಸ್ನೇಹಲತಾ ರೆಡ್ಡಿಯವರನ್ನು ಬೆಂಗಳೂರು ಜೈಲಿನಲ್ಲಿಟ್ಟು, ಬಿಟ್ಟ ಕೆಲವೇ ದಿನಕ್ಕೆ ಅವರು ತೀರಿಕೊಂಡರು. ಅದನ್ನು ಯಾವ ಗೆಲುವೂ ತೊಳೆಯುವುದಿಲ್ಲ. ಆದರೆ ಇಂದಿರಾ ಮಾಡಿದ್ದೆಲ್ಲ ಆಕೆಯದೇ, ಒಳ್ಳೆಯದೂ ಕೆಟ್ಟದ್ದೂ. ಶುರುವಿನಲ್ಲಿ ವಿರೋಧಿಗಳು 'ಮೂಗಿ ಗೊಂಬೆ' ಎಂದು ಆಡಿಕೊಂಡಿದ್ದರು. ಈಗ ಕೆಟ್ಟದ್ದನ್ನು ಆಕೆಯ ಲೆಕ್ಕಕ್ಕೆ, ಗೆಲುವನ್ನು ಅಪ್ಪನ ಲೆಕ್ಕಕ್ಕೆ ಬರೆಯುವುದು ಯಾವ ನ್ಯಾಯ?

ಗೆದ್ದ ವರ್ಷವೇ ಡಿಸೆಂಬರ್ 19ಕ್ಕೆ ಅವರನ್ನು ಲೋಕಸಭೆಯಿಂದ ಹೊರಹಾಕಿ ತಿಹಾರ್ ಜೈಲಿಗೆ ಕಳಿಸಿದರು. ಸುದ್ದಿ ಬಂದಾಗ ಹಣ್ಣು ಕುಯ್ಯುವ ಕೆಲಸ ಜೋರಿತ್ತು. "ಹಂಗಾದ್ರೆ ನಮ್ಮ ಓಟು?" ಎಂದು ಅವ್ವ ಎಸ್ಟೇಟ್ ರೈಟರನ್ನು ಕೇಳಿದ್ದಳು. ಅವರು ನಕ್ಕು ಸುಮ್ಮನಾದರು.

1980ರಲ್ಲಿ ರಾಯ್‌ಬರೇಲಿ, ಆಗಿನ ಆಂಧ್ರದ ಮೇದಕ್ ಎರಡೂ ಕಡೆ ನಿಂತು ಗೆದ್ದರು, ಮೇದಕ್ ಇಟ್ಟುಕೊಂಡರು. ಚಿಕ್ಕಮಗಳೂರಿಗೆ ನಿಲ್ಲಲೇ ಇಲ್ಲ. ಅವ್ವನಿಗೆ ಆ ಬೇಜಾರು ಕೊನೆವರೆಗೂ ಇತ್ತು. ಹಾಗಂತ ಗೋಡೆಯ ಮೇಲಿದ್ದ ಫೋಟೋವನ್ನೇನೂ ಇಳಿಸಲಿಲ್ಲ.

– ನಿವೃತ್ತ ಶಿಕ್ಷಕಿ, ಮೂಡಿಗೆರೆ